ಇವತ್ತು ಎಷ್ಟಂತೆ?

ಜನವರಿ ಬಂತೆಂದರೆ ನಮ್ಮನೆಯಲ್ಲಿ ಬೆಳಗಾಗುವುದು ಇದೇ ಮಾತಿನಿಂದ. ಅವ್ವ ಕಣದಲ್ಲಿ ಕಾಫಿ ಮೇಲೆ ಹೊದಿಸಿದ ಟಾರ್ಪಾಲು ಎಳೆಯುತ್ತಿರುತ್ತಾಳೆ. ಮೇಲೆ ನಿಂತ ಮಂಜಿನ ನೀರು ಕಾಫಿಗೆ ಬೀಳದ ಹಾಗೆ ಒಂದು ತುದಿ ಎತ್ತಿ ಹಿಡಿದುಕೊಂಡೇ ಕೇಳುತ್ತಾಳೆ, "ಇವತ್ತು ಎಷ್ಟಂತೆ?"

ಯಾವುದಕ್ಕೆ ಎಷ್ಟು ಅಂತ ಹೇಳಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಯಾರು ಯಾರನ್ನು ಹೀಗೆ ಕೇಳಿದರೂ ಅದು ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ರೇಟು. 50 ಕೆಜಿಯ ಒಂದು ಚೀಲಕ್ಕೆ ಎಷ್ಟು ಅಂತ. ನಾನು ಫೋನ್ ಹಿಡಿದು ಜಗಲಿಯ ಬಲಗಡೆ ಮೂಲೆಗೆ ಹೋಗುತ್ತೇನೆ. ಸಿಗ್ನಲ್ ಬರುವುದು ಅಲ್ಲಿ ಮಾತ್ರ. ಊರಿನ ವಾಟ್ಸಾಪ್ ಗುಂಪಿನಲ್ಲಿ ಮೊದಲ ಮೆಸೇಜು ಹೆಚ್ಚಾಗಿ ಆನೆಯದು. ರಾತ್ರಿ ಯಾರ ಗದ್ದೆ ದಾಟಿತು, ಈಗ ಯಾರ ತೋಟದಲ್ಲಿ ನಿಂತಿದೆ, ಶಾಲೆಗೆ ಹೋಗುವ ಮಕ್ಕಳು ಯಾವ ದಾರಿ ಬಿಡಬೇಕು. ಅದರ ಕೆಳಗೆ ರೇಟು. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, ಕರಿಮೆಣಸು. ಒಟ್ಟು ಐದು ಸಾಲು. ಅರೇಬಿಕಾ, ರೋಬಸ್ಟಾ ಕಾಫಿಯ ಎರಡು ಜಾತಿ; ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ ಪಾರ್ಚ್‌ಮೆಂಟ್.

ಅಲ್ಲಿಂದಲೇ ಕೂಗಿ ಹೇಳುತ್ತೇನೆ. ಅವ್ವ "ಹೂಂ" ಅನ್ನುತ್ತಾಳೆ. ಆ ಹೂಂಕಾರದಲ್ಲೇ ಅವಳಿಗೆ ಸಮಾಧಾನವೋ ಬೇಸರವೋ ನನಗೆ ಗೊತ್ತಾಗುತ್ತದೆ.

ಈ ಐದು ಸಾಲಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. "ಈಗ ರೈತರ ಕೈಯಲ್ಲೂ ಫೋನಿದೆ, ಎಲ್ಲ ರೇಟೂ ಗೊತ್ತಾಗುತ್ತೆ, ಇನ್ನು ಯಾರೂ ಮೋಸ ಮಾಡಕ್ಕಾಗಲ್ಲ ಅಲ್ವಾ?" ಎಂದು ಮೈಸೂರಿನ ಗೆಳತಿಯರು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ಪ್ರತಿ ಸಲ ನನಗೆ ಅರ್ಧ ಮಾತು ಕೇಳಿದ ಹಾಗಾಗುತ್ತದೆ. ಗೊತ್ತಾಗುತ್ತದೆ, ನಿಜ. ಏನು ಗೊತ್ತಾಗುತ್ತದೆ, ಗೊತ್ತಾದ ಮೇಲೆ ನಮ್ಮಂಥವರು ಏನು ಮಾಡಬಹುದು ಎಂಬುದು ಉಳಿದರ್ಧ.

ನಮ್ಮದು ಕೊಡಗಿನ ಸೋಮವಾರಪೇಟೆಗೂ ಶನಿವಾರಸಂತೆಗೂ ನಡುವಿನ ಒಂದು ಊರು. ನಾಲ್ಕು ಎಕರೆ. ಎರಡೂವರೆ ಎಕರೆ ರೋಬಸ್ಟಾ, ಮೇಲಿನ ದಿಬ್ಬದಲ್ಲಿ ಸ್ವಲ್ಪ ಅರೇಬಿಕಾ, ಸಿಲ್ವರ್ ಮರಕ್ಕೆ ಹಬ್ಬಿಸಿದ ಕರಿಮೆಣಸಿನ ಬಳ್ಳಿ. ಕೆಳಗೆ ಅರ್ಧ ಎಕರೆ ಗದ್ದೆ. ಭತ್ತ ಕೊಯ್ದ ಮೇಲೆ ಅದರಲ್ಲಿ ಹಸಿಮೆಣಸಿನಕಾಯಿ ಹಾಕುತ್ತೇವೆ. ಕಾಫಿ ತೋಟ ಅಂದ ಕೂಡಲೇ ಜನ ದೊಡ್ಡ ಬಂಗಲೆ, ಜೀಪು, ಗೇಟು ಕಣ್ಣಿಗೆ ತಂದುಕೊಳ್ಳುತ್ತಾರೆ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಇರುವವರು. ಅಂಥವರಲ್ಲೂ ನಾವು ಕೆಳಗಿನ ಸಾಲಿನವರು.

ನನ್ನ ಅಜ್ಜನಿಗೆ "ಇವತ್ತು ಎಷ್ಟಂತೆ" ಎಂಬ ಪ್ರಶ್ನೆಯೇ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿಗೆ ಕಾಫಿ ಹೋಗುವುದು ನಿಂತು ಬೆಳೆಗಾರರು ಕಂಗಾಲಾದಾಗ ಸರ್ಕಾರ ಮಧ್ಯೆ ಬಂತು. 1942ರ ಕಾಫಿ ಕಾಯ್ದೆ ಬಂತು. ಅಲ್ಲಿಂದ ಬೆಳೆದವರೆಲ್ಲ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಮನೆ ಖರ್ಚಿಗೆ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು, ಅಷ್ಟೆ. ಬೋರ್ಡು ಎಲ್ಲರದ್ದನ್ನೂ ಒಟ್ಟುಮಾಡಿ ಮಾರುತ್ತಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. ಒಂದು ವರ್ಷದ ಬೆಳೆಯ ಕೊನೆ ಕಂತು ಬರುವ ಹೊತ್ತಿಗೆ ಮುಂದಿನ ವರ್ಷದ ಬೆಳೆ ಕೊಯ್ದು ಆಗಿರುತ್ತಿತ್ತು. ಅಜ್ಜ ಒಂದು ತಗಡಿನ ಡಬ್ಬಿಯಲ್ಲಿ ರಸೀದಿ ಮಡಚಿ ಇಡುತ್ತಿದ್ದರು. ಆ ಡಬ್ಬಿ ಈಗಲೂ ಅಟ್ಟದಲ್ಲಿದೆ.

ಅದು ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಎಂದು ನಮ್ಮ ಹಿರಿಯರು ಇವತ್ತಿಗೂ ಜಗಳ ಆಡುತ್ತಾರೆ. ದುಡ್ಡು ತಡವಾಗುತ್ತಿತ್ತು ಎಂದು ಒಬ್ಬರು, ನಿದ್ದೆ ಬರುತ್ತಿತ್ತು ಎಂದು ಇನ್ನೊಬ್ಬರು. 1992ರಿಂದ ಕಟ್ಟು ಸಡಿಲವಾಗುತ್ತಾ ಬಂತು. 1996ರ ಹೊತ್ತಿಗೆ ಎಲ್ಲರೂ ತಮ್ಮ ಕಾಫಿಯನ್ನು ತಾವೇ ಮಾರಬಹುದು ಎಂದಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಕೊರೆಯುವ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಗಿಡಗಳು ಸುಟ್ಟುಹೋದವು. ಜಗತ್ತಿನಲ್ಲೆಲ್ಲ ಕಾಫಿ ಬೆಲೆ ಏರಿತು. ನಮ್ಮ ಊರಿನಲ್ಲಿ ಎಷ್ಟೋ ಮನೆಗಳ ಹೆಂಚು ಇಳಿದು ತಾರಸಿ ಎದ್ದದ್ದು ಆ ಎರಡು ಮೂರು ವರ್ಷಗಳಲ್ಲಿ.

ಮಾರುವ ಸ್ವಾತಂತ್ರ್ಯ ಬಂದ ದಿನವೇ ರೇಟು ತಿಳಿದುಕೊಳ್ಳುವ ಕೆಲಸವೂ ನಮ್ಮ ಹೆಗಲಿಗೆ ಬಂತು. ಅದನ್ನು ಯಾರೂ ಆಗ ಬಿಡಿಸಿ ಹೇಳಲಿಲ್ಲ. ತೋಟ ಮಾಡುವುದು ಗೊತ್ತಿದ್ದ ಅಪ್ಪ ಒಮ್ಮೆಗೇ ವ್ಯಾಪಾರವನ್ನೂ ಕಲಿಯಬೇಕಾಯಿತು. ಕಲಿಯುವುದಕ್ಕೆ ಇದ್ದದ್ದು ಎರಡೇ ದಾರಿ. ಒಂದು, ಬಸ್ಸಿನಲ್ಲಿ ಬರುತ್ತಿದ್ದ 'ಶಕ್ತಿ' ಪತ್ರಿಕೆ. ಎರಡು, ಪೇಟೆಯ ಎಸ್‌ಟಿಡಿ ಬೂತು. ಮೂರು ಕಿಲೋಮೀಟರ್ ನಡೆದು ಹೋಗಿ, ಕುಶಾಲನಗರದ ಒಬ್ಬ ಪರಿಚಯದವರಿಗೆ ಫೋನ್ ಮಾಡಿ, ಬೂತಿನ ಮೀಟರ್ ಓಡುವುದನ್ನೇ ನೋಡುತ್ತಾ ರೇಟು ಕೇಳಬೇಕು. ಅವರು ಸಿಕ್ಕರೆ ಸಿಕ್ಕರು.

2000ದ ನಂತರದ ವರ್ಷಗಳು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ವಿಯೆಟ್ನಾಂನಿಂದ ರೋಬಸ್ಟಾ ಹೊಳೆಯಂತೆ ಹರಿದು ಬಂತು. ಕಾಫಿ ಬೆಲೆ ಮೂವತ್ತು ವರ್ಷಗಳಲ್ಲೇ ಕಾಣದಷ್ಟು ಕೆಳಗೆ ಬಿತ್ತು. ಅಂಥ ಒಂದು ವರ್ಷ ಮನೆ ಬಾಗಿಲಿಗೆ ಜೀಪು ತಂದ ಒಬ್ಬರಿಗೆ ಅಪ್ಪ ಹನ್ನೆರಡು ಚೀಲ ಚೆರಿ ತೂಗಿ ಕೊಟ್ಟರು. ರೇಟು ಇನ್ನೂ ಇಳಿಯುತ್ತದೆ, ಈಗಲೇ ಕೊಟ್ಟುಬಿಡಿ ಎಂದು ಅವರು ಹೇಳಿದ್ದರು. ಮಾರನೇ ದಿನ ಮದುವೆಗೆಂದು ಕುಶಾಲನಗರಕ್ಕೆ ಹೋದಾಗ ಗೊತ್ತಾಯಿತು, ಚೀಲಕ್ಕೆ ನಲವತ್ತು ರೂಪಾಯಿ ಕಡಿಮೆ ಸಿಕ್ಕಿತ್ತು. ನಲವತ್ತು ರೂಪಾಯಿ ಈಗ ಏನೂ ಅಲ್ಲ. ಆಗ ಹನ್ನೆರಡು ಚೀಲಕ್ಕೆ ಅದು ನನ್ನ ಹಾಸ್ಟೆಲ್ ಫೀಸಿನ ಒಂದು ಭಾಗ. ಅಪ್ಪ ಮದುವೆ ಊಟ ಮಾಡದೆ ವಾಪಸ್ ಬಂದರು. ಅವ್ವ ಈಗಲೂ ಆ ದಿನ ಹೇಳುವಾಗ ರೇಟಿನ ಮಾತು ಆಡುವುದಿಲ್ಲ. "ಊಟ ಮಾಡದೆ ಬಂದ್ರು" ಅಂತಷ್ಟೇ ಹೇಳುತ್ತಾಳೆ.

ಹಾಗಾಗಿ ನೋಕಿಯಾ 1100 ಮನೆಗೆ ಬಂದ ದಿನ ನಮಗೆ ಹಬ್ಬವೇ. ಅಪ್ಪ ಅದನ್ನು ಅಂಗಿಯ ಎಡ ಜೇಬಿನಲ್ಲಿ ಇಟ್ಟುಕೊಂಡು ತೋಟದ ಮೇಲಿನ ಬಂಡೆಗೆ ಹತ್ತುತ್ತಿದ್ದರು. ಮೂರು ಕಡೆ ಫೋನ್ ಮಾಡುತ್ತಿದ್ದರು, ಸೋಮವಾರಪೇಟೆ, ಕುಶಾಲನಗರ, ಸಕಲೇಶಪುರ. ಮೂರು ರೇಟು ಕೇಳಿಕೊಂಡು ಇಳಿದು ಬರುವಾಗ ಅವರ ನಡಿಗೆಯೇ ಬೇರೆ ಥರ ಇರುತ್ತಿತ್ತು. ಜೀಪು ತಂದವರು "ಇಳಿಯುತ್ತೆ ಸ್ವಾಮಿ" ಎಂದರೆ, "ಎಲ್ಲಿ ಇಳಿದಿದೆ ಹೇಳಿ, ಈಗಲೇ ಕೇಳಣ" ಎಂದು ಜೇಬಿಗೆ ಕೈ ಹಾಕುತ್ತಿದ್ದರು. ಮನೆ ಬಾಗಿಲಿನಲ್ಲಿ ಸುಳ್ಳು ರೇಟು ಹೇಳುವುದು ಅಲ್ಲಿಗೆ ನಿಂತಿತು. ಇದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಫೋನು ನಮ್ಮಪ್ಪನಿಗೆ ತಲೆ ಎತ್ತಿ ಮಾತಾಡುವ ಧೈರ್ಯ ಕೊಟ್ಟಿತು.

ಅಪ್ಪ ತೀರಿಕೊಂಡ ಮೇಲೆ ನಾನು ಮೈಸೂರಿನ ಕೆಲಸ ಬಿಟ್ಟು ಬಂದೆ. ಬಂಡೆ ಹತ್ತುವ ಕಾಲ ಮುಗಿದಿತ್ತು. 2016ರ ನಂತರ ಡೇಟಾ ಅಗ್ಗವಾಗಿ ವಾಟ್ಸಾಪ್ ಎಲ್ಲರ ಕೈಗೆ ಬಂತು. ಅದರ ಜೊತೆ ಲಂಡನ್ನೂ ನಮ್ಮ ಜಗಲಿಗೆ ಬಂತು. ರೋಬಸ್ಟಾದ ಬೆಲೆ ಜಗತ್ತಿಗೆ ಗೊತ್ತಾಗುವುದು ಲಂಡನ್ನಿನ ವಾಯಿದಾ ಪೇಟೆಯಲ್ಲಿ, ಅಂದರೆ ಮುಂದೆ ಕೊಡುವ ಮಾಲಿಗೆ ಈಗಲೇ ಬೆಲೆ ಕಟ್ಟುವ ಪೇಟೆಯಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ. ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ, ಪೌಂಡಿಗೆ ಇಷ್ಟು ಸೆಂಟ್ ಅಂತ. ನಾವು ಮಧ್ಯಾಹ್ನದ ಊಟ ಮುಗಿಸಿ ಕಣದಲ್ಲಿ ಕಾಫಿ ಕೈಯಾಡಿಸುವ ಹೊತ್ತಿಗೆ ಲಂಡನ್ ಪೇಟೆ ತೆರೆಯುತ್ತದೆ. ರಾತ್ರಿ ನಾವು ಮಲಗಿದ ಮೇಲೆ ಮುಚ್ಚುತ್ತದೆ. ಅಲ್ಲಿ ಏನಾಯಿತೋ ಅದು ಮಾರನೇ ಬೆಳಿಗ್ಗೆ ಐದು ಸಾಲಾಗಿ ನಮ್ಮ ಗುಂಪಿಗೆ ಬರುತ್ತದೆ. ಲೆಕ್ಕ ಕಷ್ಟದ್ದೇನಲ್ಲ. ಟನ್ನಿಗೆ 4000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಕೆಜಿ ಬೀಜಕ್ಕೆ 340 ರೂಪಾಯಿ. ಅದರಲ್ಲಿ ವ್ಯಾಪಾರಿಯ ಖರ್ಚು, ಕ್ಯೂರಿಂಗ್ (ಬೀಜ ಸುಲಿದು ವಿಂಗಡಿಸುವ ಕೆಲಸ), ಸಾಗಣೆ, ಲಾಭ ಕಳೆದು, ನಮ್ಮ ಕಾಫಿಗೆ ಬೇಡಿಕೆ ಇದ್ದರೆ ಸ್ವಲ್ಪ ಸೇರಿಸಿ ಇಲ್ಲಿನ ರೇಟು. ಕಾಫಿ ಬೋರ್ಡು ಕೂಡ ದಿನದ ದರ ಪ್ರಕಟಿಸುತ್ತದೆ. 2018ರಲ್ಲಿ 'ಕಾಫಿ ಕೃಷಿ ತರಂಗ' ಎಂದು ಫೋನಿನಲ್ಲೇ ಕನ್ನಡದಲ್ಲಿ ಮಾತಾಡಿ ತಿಳಿಸುವ ಸೇವೆ ಶುರುಮಾಡಿದರು, ಮೊದಲು ಚಿಕ್ಕಮಗಳೂರು, ಹಾಸನದ ಕಡೆ. ಅಕ್ಷರಕ್ಕಿಂತ ಮಾತು ಬೇಗ ಹತ್ತುವ ಅವ್ವನಂಥವರಿಗೆ ಅದೇ ಸರಿಯಾದ ದಾರಿ ಎಂದು ನನಗೆ ಅನ್ನಿಸುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಏಳೆಂಟು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಬಾಯಿ ಕಟ್ಟಿ ನಿಂತಿದ್ದೆ.

ರೇಟು ಚೆನ್ನಾಗಿತ್ತು. ಮೂರು ದಿನದಿಂದ ಏರುತ್ತಾ ಇತ್ತು. ನಾನು ಫೋನಿನಲ್ಲಿ ನೋಡಿ, ಲೆಕ್ಕ ಹಾಕಿ, ಮೂವತ್ತು ಚೀಲ ಪಿಕಪ್‌ಗೆ ಹೇರಿಸಿಕೊಂಡು ಹೋದೆ. ನಮ್ಮ ಕಡೆ ಚೆರಿ ಮಾರುವುದು ಹೆಚ್ಚಾಗಿ ಓಟಿ ಲೆಕ್ಕದಲ್ಲಿ. ಓಟಿ ಅಂದರೆ ಔಟ್‌ಟರ್ನ್. 50 ಕೆಜಿ ಒಣ ಚೆರಿಯನ್ನು ಸಿಪ್ಪೆ ಬಿಡಿಸಿದರೆ ಎಷ್ಟು ಕೆಜಿ ಬೀಜ ಬರುತ್ತದೋ ಅದು. ಅಂಗಡಿಯಲ್ಲಿ ಚೀಲಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ಸಣ್ಣ ಯಂತ್ರಕ್ಕೆ ಹಾಕಿ, ಬೀಜ ತೂಗಿ ಹೇಳುತ್ತಾರೆ. ಸುಮ್ನೆ ಲೆಕ್ಕಕ್ಕೆ ಓಟಿ ರೇಟು 200, ಅಂದರೆ ಒಂದೊಂದು ಓಟಿಗೆ 200 ರೂಪಾಯಿ ಎಂದು ಹಿಡಿಯಿರಿ. ಓಟಿ 28 ಬಂದರೆ ಚೀಲಕ್ಕೆ 5600. 25 ಬಂದರೆ 5000. ಮೂವತ್ತು ಚೀಲಕ್ಕೆ 18,000 ರೂಪಾಯಿ ವ್ಯತ್ಯಾಸ.

ನಾನು 28 ಎಂದು ಮನಸ್ಸಿನಲ್ಲೇ ಬರೆದುಕೊಂಡು ಹೋಗಿದ್ದೆ. ಅವರು 25 ಎಂದರು. ತೇವಾಂಶ ಜಾಸ್ತಿ ಇದೆ ಎಂದು ಮೇಲೆ ಇನ್ನೂ ಸ್ವಲ್ಪ ಕಳೆದರು.

"ಯಾಕೆ ಇಷ್ಟು ಕಡಿಮೆ?" ಎಂದೆ.

"ನೋಡಿಕೊಳ್ಳಿ ಅಕ್ಕ, ನಿಮ್ಮ ಎದುರಿಗೇ ತೂಗಿದ್ದು" ಎಂದರು.

ನನ್ನ ಕೈಯಲ್ಲಿ ಫೋನಿತ್ತು. ಅದರಲ್ಲಿ ಲಂಡನ್ ಇತ್ತು, ಡಾಲರ್ ಇತ್ತು, ಮೂರು ಪೇಟೆಯ ಬೆಳಗಿನ ರೇಟು ಇತ್ತು. ನನ್ನ ಚೀಲದೊಳಗೆ ಏನಿದೆ ಎಂಬುದು ಮಾತ್ರ ಇರಲಿಲ್ಲ. ಅವರು ಸರಿಯಾಗಿ ಹೇಳಿದರೋ ತಪ್ಪಾಗಿ ಹೇಳಿದರೋ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಯಾಕೆಂದರೆ ನನ್ನದೇ ಅಳತೆ ನನ್ನ ಹತ್ತಿರ ಇರಲಿಲ್ಲ. ಬಾಡಿಗೆ ಗಾಡಿ ಹೊರಗೆ ನಿಂತಿತ್ತು. ಮೂವತ್ತು ಚೀಲ ಮತ್ತೆ ಹೇರಿಸಿ ಇನ್ನೊಂದು ಅಂಗಡಿಗೆ ಹೋಗುವ ಧೈರ್ಯ ಬರಲಿಲ್ಲ. ಕೊಟ್ಟು ಬಂದೆ.

ಮನೆಗೆ ಬಂದು ಹೇಳಿದಾಗ ಅವ್ವ ಬೈಯಲಿಲ್ಲ. ರಾತ್ರಿ ಉಳಿದ ಚೀಲದಿಂದ ಎರಡು ಬೊಗಸೆ ಚೆರಿ ತಂದು ಒರಳಿನ ಪಕ್ಕ ಕೂತಳು. ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ಬೀಜ ಬೇರೆ ಸಿಪ್ಪೆ ಬೇರೆ ಮಾಡಿದಳು. ಬೀಜವನ್ನು ದೀಪದ ಕೆಳಗೆ ಹರಡಿ ತೋರಿಸಿದಳು. ಅರ್ಧಕ್ಕರ್ಧ ಅಲ್ಲದಿದ್ದರೂ ಸಾಕಷ್ಟು ಸುಕ್ಕುಗಟ್ಟಿದ ಬೀಜ ಇತ್ತು.

"ಹಸಿರು ಕಾಯಿ ಕಿತ್ತಿದ್ದೀವಲ್ಲ ಮಗಾ, ಇನ್ನೇನು ಬರುತ್ತೆ?" ಎಂದಳು.

ನಿಜ. ರೇಟು ಏರುತ್ತಿದೆ ಎಂದು ನಾನೇ ಅವಸರ ಮಾಡಿದ್ದೆ. ಹಣ್ಣಾದದ್ದು, ಅರೆಹಣ್ಣು, ಹಸಿರು ಎಲ್ಲವನ್ನೂ ಒಂದೇ ಸಲಕ್ಕೆ ಉದುರಿಸಿದ್ದೆವು. ಆ ವರ್ಷ ಹೂ ಮಳೆ ಆದ ಮೇಲೆ ಬರಬೇಕಾದ ಮಳೆಯೂ ಕೈಕೊಟ್ಟು ಕೆಲವು ಕಾಯಿ ಜೊಳ್ಳಾಗಿದ್ದವು. ಜೊಳ್ಳನ್ನು ನೀರಿಗೆ ಹಾಕಿ ತೇಲಿಸಿ ಬೇರೆ ಮಾಡಿರಲಿಲ್ಲ. ಒಣಗುವುದಕ್ಕೂ ಎರಡು ದಿನ ಕಡಿಮೆ ಕೊಟ್ಟಿದ್ದೆವು. ಫೋನಿನಲ್ಲಿ ಏರುತ್ತಿದ್ದ ರೇಟನ್ನು ನೋಡುತ್ತಾ ನೋಡುತ್ತಾ ನಮ್ಮ ಕಾಫಿಯನ್ನೇ ನಾವು ಕೆಡಿಸಿಕೊಂಡಿದ್ದೆವು.

ಮರುದಿನ ಒಂದು ಡಿಜಿಟಲ್ ತಕ್ಕಡಿ ತರಿಸಿದೆ. ಅಡುಗೆಮನೆಯಲ್ಲಿ ಇಡುವಂಥ ಸಣ್ಣದು. ಫೋನಿನಲ್ಲೇ ಆರ್ಡರ್ ಮಾಡಿದ್ದು. ಈಗ ನಮ್ಮದು ಹೀಗೆ: ಬೇರೆ ಬೇರೆ ಚೀಲದಿಂದ ಕೈಹಾಕಿ, ಮೇಲಿನಿಂದ ಮಾತ್ರ ಅಲ್ಲ, ಅಡಿಯಿಂದಲೂ ತೆಗೆದು ಒಟ್ಟು ಅರ್ಧ ಕೆಜಿ ಚೆರಿ ತೂಗುತ್ತೇವೆ. ಅವ್ವ ಕುಟ್ಟಿ ಕೇರುತ್ತಾಳೆ. ಒಡೆದ ಚೂರೂ ಬಿಡದ ಹಾಗೆ ಬೀಜ ತೂಗುತ್ತೇವೆ. 270 ಗ್ರಾಂ ಬಂದರೆ ಓಟಿ 27. ಮೂರು ಸಲ ಮಾಡಿ ಸರಾಸರಿ ತೆಗೆಯುತ್ತೇವೆ. ಅಂಗಡಿಯ ಯಂತ್ರದಷ್ಟು ಖಚಿತ ಅಲ್ಲ ಎಂದು ಗೊತ್ತು. ಆದರೆ ನಮ್ಮದು 27 ಬಂದಾಗ ಯಾರಾದರೂ 25 ಎಂದರೆ "ಇನ್ನೊಂದು ಸಲ ತೂಗಿ" ಎನ್ನಲು ಬಾಯಿ ಬರುತ್ತದೆ. ಎರಡು ಸಲ ಹಾಗೆ ಹೇಳಿದ್ದೇನೆ. ಒಂದು ಸಲ ಅವರ ಲೆಕ್ಕವೇ ಸರಿ ಇತ್ತು. ಇನ್ನೊಂದು ಸಲ ಒಂದೂವರೆ ಹೆಚ್ಚು ಬಂತು.

ಕರಿಮೆಣಸಿಗೂ ಇಂಥದ್ದೇ ಒಂದು ಗುಟ್ಟಿದೆ, ಲೀಟರ್ ತೂಕ. ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ತೂಗುತ್ತದೆ ಎಂಬುದರ ಮೇಲೆ ಕಾಳಿನ ಬೆಲೆ. 550 ಗ್ರಾಂ ಬಂದರೆ ಒಳ್ಳೆಯ ಕಾಳು. ಗುಂಪಿನಲ್ಲಿ ಬರುವ ಒಂದೇ ಒಂದು ಸಾಲಿನ ಮೆಣಸಿನ ರೇಟು ಇದನ್ನೆಲ್ಲ ಹೇಳುವುದಿಲ್ಲ. ಮೆಣಸಿನ ವಿಷಯದಲ್ಲಿ ಸಮಾಧಾನ ಒಂದೇ, ಚೆನ್ನಾಗಿ ಒಣಗಿಸಿದರೆ ವರ್ಷಗಟ್ಟಲೆ ಇಡಬಹುದು. ವಿಯೆಟ್ನಾಂ ಮೆಣಸು ಬಂದು ಬೆಲೆ ಕುಸಿದಾಗ, 2017ರ ಡಿಸೆಂಬರಿನಲ್ಲಿ ಸರ್ಕಾರ ಆಮದಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ದರ ಗೊತ್ತುಮಾಡಿದಾಗ, ಆ ಎಲ್ಲ ಗಲಾಟೆ ಮುಗಿಯುವವರೆಗೂ ನಮ್ಮ ಎರಡು ಚೀಲ ಅಟ್ಟದ ಮೇಲೆ ಅಜ್ಜನ ಡಬ್ಬಿಯ ಪಕ್ಕ ಕೂತಿದ್ದವು.

ಹಸಿಮೆಣಸಿನಕಾಯಿಗೆ ಆ ಪುಣ್ಯ ಇಲ್ಲ. ಬೆಳಿಗ್ಗೆ ಕಿತ್ತದ್ದು ಅವತ್ತೇ ಹೋಗಬೇಕು. ಶನಿವಾರಸಂತೆಯ ಮಾರುಕಟ್ಟೆಗೆ ಹೊರಗಿನ ವ್ಯಾಪಾರಿಗಳು ಲಾರಿ ತರುತ್ತಾರೆ. ಬೆಳಿಗ್ಗೆ ಗುಂಪಿನಲ್ಲಿ ಒಂದು ರೇಟು ಬರುತ್ತದೆ. ಅದನ್ನು ನೋಡಿ ಊರೆಲ್ಲ ಕೀಳುತ್ತದೆ. ಮಧ್ಯಾಹ್ನ ಆಟೋದಲ್ಲಿ ಹೋಗಿ ಇಳಿಸುವ ಹೊತ್ತಿಗೆ ಚೀಲದ ಮೇಲೆ ಚೀಲ ಬಿದ್ದು ರೇಟು ಅರ್ಧ. ಎಲ್ಲರಿಗೂ ಒಂದೇ ಸುದ್ದಿ ಒಂದೇ ಹೊತ್ತಿಗೆ ಸಿಕ್ಕರೆ ಹೀಗೂ ಆಗುತ್ತದೆ. ಅಲ್ಲಿಂದ ಕೊಡ್ಲಿಪೇಟೆಗೋ ಅರಕಲಗೂಡಿಗೋ ಫೋನ್ ಮಾಡಿ ಕೇಳಬಹುದು. ಅಲ್ಲಿ ಕೆಜಿಗೆ ಎರಡು ರೂಪಾಯಿ ಜಾಸ್ತಿ ಇದ್ದರೂ ಮೂರು ಚೀಲಕ್ಕೆ ಆಟೋ ಬಾಡಿಗೆ ಹುಟ್ಟುವುದಿಲ್ಲ.

ಇದನ್ನು ಯೋಚಿಸುವಾಗ ನನಗೆ ಪಕ್ಕದ ಕೇರಳದ ಮೀನುಗಾರರು ನೆನಪಾಗುತ್ತಾರೆ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಯಲ್ಲಿ ಮೊಬೈಲ್ ಬಂದ 1997ರಿಂದ 2001ರವರೆಗಿನ ಲೆಕ್ಕ ಇಟ್ಟು 2007ರಲ್ಲಿ ಪ್ರಕಟಿಸಿದರು. ಮೊಬೈಲ್ ಬರುವ ಮೊದಲು ಒಂದು ದಡದಲ್ಲಿ ಮತ್ತಿ ಮೀನು ಕೊಳ್ಳುವವರಿಲ್ಲದೆ ಸಮುದ್ರಕ್ಕೇ ಚೆಲ್ಲುತ್ತಿದ್ದರು. ಅದೇ ಹೊತ್ತಿಗೆ ಸ್ವಲ್ಪ ದೂರದ ಇನ್ನೊಂದು ದಡದಲ್ಲಿ ಕೊಳ್ಳುವವರು ಮೀನಿಲ್ಲದೆ ಬರಿಗೈಯಲ್ಲಿ ಹೋಗುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಿಂದಲೇ ಕೇಳಿಕೊಂಡು ಬೇಕಾದ ದಡಕ್ಕೆ ಹೋದರು. ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ನೂರಕ್ಕೆ 8ರಷ್ಟು ಹೆಚ್ಚಿತು, ಕೊಳ್ಳುವವರಿಗೂ ಬೆಲೆ ನೂರಕ್ಕೆ 4ರಷ್ಟು ಇಳಿಯಿತು. ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಗೆ ಬರುವ ಮೀನಿನ ಹಿಂದೆ ಇಂಥದ್ದೊಂದು ಕಥೆ ಇದೆ ಎಂದು ಓದಿದಾಗ ನಾನು ಅವ್ವನಿಗೆ ಪೂರ್ತಿ ಹೇಳಿದ್ದೆ.

ಅವಳು ಕೇಳಿದ್ದು ಒಂದೇ ಮಾತು. "ಅವರಿಗೆ ದೋಣಿ ಸ್ವಂತದ್ದಾ?"

ಮಹಾರಾಷ್ಟ್ರದಲ್ಲಿ ಇನ್ನೊಂದು ಅಧ್ಯಯನ ಆಯಿತು. ರಾಯ್ಟರ್ಸ್ ಮಾರ್ಕೆಟ್ ಲೈಟ್ ಎಂಬ ಎಸ್‌ಎಂಎಸ್ ಸೇವೆ ಈರುಳ್ಳಿ, ಟೊಮೆಟೊ, ದಾಳಿಂಬೆ, ಗೋಧಿ, ಸೋಯಾ ಬೆಳೆಯುವ ರೈತರಿಗೆ ಮಾರುಕಟ್ಟೆ ದರ ಕಳಿಸುತ್ತಿತ್ತು. ಫ್ಯಾಫ್‌ಷಾಂ, ಮಿಂಟೆನ್ ಎಂಬಿಬ್ಬರು 100 ಹಳ್ಳಿಗಳಲ್ಲಿ ನೋಡಿದರು. ಸೇವೆ ಪಡೆದವರಿಗೆ ಸಿಕ್ಕ ಬೆಲೆಗೂ ಪಡೆಯದವರಿಗೆ ಸಿಕ್ಕ ಬೆಲೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೀನುಗಾರರದ್ದೂ ನಿಜ, ಇದೂ ನಿಜ. ಅವ್ವನ ಪ್ರಶ್ನೆಯನ್ನು ನಡುವೆ ಇಟ್ಟು ನೋಡಿದರೆ ಎರಡೂ ನನಗೆ ಅರ್ಥವಾಗುತ್ತವೆ. ಆ ಮೀನುಗಾರರು ದೋಣಿಯನ್ನು ಬೇಕಾದ ಕಡೆ ತಿರುಗಿಸಬಲ್ಲವರಾಗಿದ್ದರು.

ತಿರುಗಿಸಲಾಗದವರ ಕಥೆ ನಮ್ಮ ಪಕ್ಕದ ತೋಟದ್ದೇ. ದೊಡ್ಡಪ್ಪ ಎಂದು ಕರೆಯುತ್ತೇನೆ ಅವರನ್ನು. ಮಳೆಗಾಲದಲ್ಲಿ ಗೊಬ್ಬರಕ್ಕೆ, ಮೊಮ್ಮಗಳ ಕಾಲೇಜು ಫೀಸಿಗೆ ಒಬ್ಬ ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡರು. ಕಾಯಿ ಇನ್ನೂ ಗಿಡದಲ್ಲಿರುವಾಗಲೇ ರೇಟು ಮಾತಾಡಿ ಮುಗಿಸಿದ್ದರು. ಆ ಹೊತ್ತಿಗೆ ಅದು ಒಳ್ಳೆಯ ರೇಟೇ. ಅವರು ತಪ್ಪು ಮಾಡಿದರು ಎಂದು ನಾನು ಹೇಳುವುದಿಲ್ಲ. ಆಮೇಲೆ 2024 ಬಂತು. ವಿಯೆಟ್ನಾಂನಲ್ಲಿ ಬರ, ಬೆಳೆ ಕಡಿಮೆ. ಲಂಡನ್ನಿನಲ್ಲಿ ರೋಬಸ್ಟಾ ಏರುತ್ತಲೇ ಹೋಗಿ ಆ ವರ್ಷ ನಮ್ಮ ಮಳೆಗಾಲ ಮುಗಿಯುವಷ್ಟರಲ್ಲಿ ಟನ್ನಿಗೆ 5000 ಡಾಲರ್ ದಾಟಿತ್ತು. ಇಲ್ಲಿ ಚೆರಿ ಚೀಲಕ್ಕೆ 10,000 ರೂಪಾಯಿ ದಾಟಿತು. ನಮ್ಮ ಜನ್ಮದಲ್ಲಿ ಕೇಳದ ರೇಟು ಅದು. ದೊಡ್ಡಪ್ಪ ಮಾತು ಉಳಿಸಿಕೊಂಡು ಹಳೆ ರೇಟಿಗೇ ತೂಗಿ ಕೊಟ್ಟರು. ಕೊಟ್ಟ ಮೇಲೂ ದಿನಾ ಬೆಳಿಗ್ಗೆ ಗುಂಪಿನಲ್ಲಿ ರೇಟು ಬರುತ್ತಿತ್ತು. ಒಂದು ದಿನ ನನ್ನ ಕೈಗೆ ಫೋನ್ ಕೊಟ್ಟು, "ಇದರಿಂದ ನನ್ನ ಹೆಸರು ತೆಗೆದುಬಿಡವ್ವ" ಎಂದರು. ತೆಗೆದೆ. ಆನೆ ಸುದ್ದಿ ಬಂದರೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಕಾಯುವ ಶಕ್ತಿ ಕೊಡುವುದು ಊರಿನ ಸಹಕಾರ ಸಂಘದ ಗೋದಾಮು. ಚೀಲ ಇಟ್ಟು ಅದರ ಮೇಲೆ ಈಡು ಸಾಲ ತೆಗೆದರೆ ಕೂಲಿ ಕೊಡಬಹುದು, ಫೀಸು ಕಟ್ಟಬಹುದು, ಮಾರುವುದನ್ನು ಎರಡು ತಿಂಗಳು ಮುಂದೆ ಹಾಕಬಹುದು. ರೇಟು ಏರಿಯೇ ಏರುತ್ತದೆ ಎಂದಲ್ಲ, ಇಳಿಯಲೂಬಹುದು. ಮಾರುವ ದಿನ ನಾವು ಆರಿಸಿದ್ದು ಎಂಬುದೇ ಒಂದು ಸಮಾಧಾನ. ರೈತರ ಫೋನಿಗೆ ಹೊಸ ಹೊಸ ಆ್ಯಪ್ ಮಾಡುವವರು ಇದ್ದಾರೆ, ಮಾಡಲಿ, ಒಳ್ಳೆಯದೇ. ಅದಕ್ಕೆ ಖರ್ಚು ಮಾಡುವುದರಲ್ಲಿ ಒಂದು ಪಾಲು ಗೋದಾಮಿನ ಚಾವಣಿಗೂ, ಸಂಘದಲ್ಲಿ ಎಲ್ಲರ ಕಣ್ಣೆದುರು ಇರುವ ಒಂದು ತೇವಾಂಶದ ಮೀಟರಿಗೂ, ಓಟಿ ನೋಡುವ ಸಣ್ಣ ಯಂತ್ರಕ್ಕೂ ಬಂದರೆ ಎಷ್ಟು ಚೆನ್ನಾಗಿರುತ್ತದೆ! ನಾನು ಸಂಘದ ಸಭೆಯಲ್ಲಿ ಎರಡು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ. ಕೇಳುತ್ತಲೇ ಇರುತ್ತೇನೆ.

ಫೋನು ಕೈಕೊಡುವ ದಿನಗಳೂ ಇವೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ನಾಲ್ಕು ದಿನ, ಒಂದು ವಾರ. ಟವರಿನ ಡೀಸೆಲ್ ಮುಗಿದರೆ ಸಿಗ್ನಲ್ಲೂ ಹೋಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡ ಜರಿದಾಗ ರೇಟು ಯಾರಿಗೂ ನೆನಪಿರಲಿಲ್ಲ. ಹಟ್ಟಿಹೊಳೆಯ ಚಿಕ್ಕಮ್ಮನ ನಂಬರಿಗೆ ಎರಡು ದಿನ ಫೋನ್ ಮಾಡುತ್ತಲೇ ಇದ್ದೆವು. ಮೂರನೇ ದಿನ ಬೇರೆ ಯಾರದೋ ನಂಬರಿನಿಂದ ಅವರ ದನಿ ಕೇಳಿದಾಗ ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಈಗ ಹೇಳಬೇಕೆಂದು ಬಹಳ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಸುತ್ತ ನಾಲ್ಕು ಮನೆಗಳಿವೆ. ನಾಲ್ಕರಲ್ಲೂ ತೋಟದ ಕೆಲಸ ಹೆಚ್ಚಾಗಿ ಹೆಂಗಸರದ್ದೇ, ಗಂಡಸರು ಹೊರಗೆ ದುಡಿಯುವವರು ಅಥವಾ ಇಲ್ಲದವರು. ಊರಿನ ದೊಡ್ಡ ಗುಂಪಿನಲ್ಲಿ ಈ ಹೆಂಗಸರು ಒಂದು ಮಾತೂ ಬರೆಯುವುದಿಲ್ಲ. ಅದರಲ್ಲಿ ಬರುವ ರೇಟು ಕೆಲವೊಮ್ಮೆ ನಿನ್ನೆಯದು, ಕೆಲವೊಮ್ಮೆ ಚಿಕ್ಕಮಗಳೂರಿನದು, ಕೆಲವೊಮ್ಮೆ ಯಾವ ವರ್ಷದ್ದೋ. ಆದರೆ ಯಾರದ್ದಾದರೂ ಕಾಫಿ ಹೋದ ದಿನ ಸಂಜೆ ಇವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. ಕೇಳುವುದು ನಾಲ್ಕೇ ಪ್ರಶ್ನೆ. ಓಟಿ ಎಷ್ಟು ಹಾಕಿದರು? ತೇವಾಂಶಕ್ಕೆ ಎಷ್ಟು ಕಳೆದರು? ದುಡ್ಡು ಅವತ್ತೇ ಕೊಟ್ಟರಾ? ಕಡೆಗೆ ಕೈಗೆ ಚೀಲಕ್ಕೆ ಎಷ್ಟು ಬಿತ್ತು?

ಇದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿ ಐದು ವರ್ಷ ಆಯಿತು. ಯಾವ ಅಂಗಡಿ ಬೋರ್ಡಿನಲ್ಲಿ ಜಾಸ್ತಿ ರೇಟು ಬರೆದು ಓಟಿಯಲ್ಲಿ ಹಿಡಿಯುತ್ತದೆ, ಯಾವುದು ರೇಟು ಹತ್ತು ರೂಪಾಯಿ ಕಡಿಮೆ ಹೇಳಿದರೂ ಕೊನೆಗೆ ಕೈತುಂಬ ಕೊಡುತ್ತದೆ ಎಂಬುದು ಆ ಪುಟಗಳಲ್ಲಿ ನಿಧಾನವಾಗಿ ಕಾಣತೊಡಗಿತು. ಹೋದ ವರ್ಷ ನಾಲ್ಕು ಮನೆಯವರೂ ಒಟ್ಟಿಗೆ ಒಂದೇ ಲಾರಿಯಲ್ಲಿ ಹಾಕಿದೆವು. ನೂರಾಹದಿನೆಂಟು ಚೀಲ. ಒಬ್ಬೊಬ್ಬರೇ ಹೋದಾಗ ಬೆಂಚಿನಲ್ಲಿ ಕಾಯಿಸುತ್ತಿದ್ದ ಅಂಗಡಿಯಲ್ಲಿ ಅವತ್ತು ಕುರ್ಚಿ ಹಾಕಿ ಕಾಫಿ ಕೊಟ್ಟರು. ಓಟಿ ತೂಗುವಾಗ ನಾಲ್ಕೂ ಜನ ಯಂತ್ರದ ಸುತ್ತ ನಿಂತಿದ್ದೆವು. ಅವ್ವ ಮನೆಯಲ್ಲಿ ತೂಗಿದ ಚೀಟಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಚೀಟಿಯಲ್ಲಿ ಇಪ್ಪತ್ತೇಳು ಇತ್ತು. ಯಂತ್ರದಲ್ಲಿ ಇಪ್ಪತ್ತಾರೂ ಮುಕ್ಕಾಲು ಬಂತು. ಅಂಗಡಿಯವರು ಚೀಟಿ ಕೈಗೆತ್ತಿಕೊಂಡು, "ಇದು ಯಾರು ತೂಗಿದ್ದಮ್ಮ?" ಎಂದು ಕೇಳಿದರು.

"ನಾನೇ" ಎಂದಳು ಅವ್ವ.

ಇದನ್ನು ಬರೆಯಲು ಕೂತದ್ದು ಇವತ್ತು ಬೆಳಿಗ್ಗೆ. ರೇಟು ನಿನ್ನೆಗಿಂತ ಚೀಲಕ್ಕೆ 150 ರೂಪಾಯಿ ಮೇಲೆ ಇದೆ. ಜಗಲಿಯಿಂದ ಕೂಗಿ ಹೇಳಿದೆ. ಅವ್ವ ಕಣದ ನಡುವೆ ಬಗ್ಗಿ ಒಂದು ಹಿಡಿ ಚೆರಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಪೂರ್ತಿ ಒಣಗಿದ ಚೆರಿ ಗಲಗಲ ಅನ್ನುತ್ತದೆ. ಇನ್ನೊಂದು ಮೂಲೆಗೆ ಹೋಗಿ ಅಲ್ಲಿಂದಲೂ ಒಂದು ಹಿಡಿ ಎತ್ತಿದಳು.

"ಇನ್ನೂ ಮೂರು ಬಿಸಿಲು ಬೇಕು" ಎಂದು ಹೇಳಿ ಹಲುಬೆ ಹಿಡಿದು ಕಾಫಿ ಎಳೆಯತೊಡಗಿದಳು.